ನುಸಿ ಸಾಹೇಬರ ತಪಾಸಣೆ

ಬ್ಯಾಂಕಿನಲ್ಲಿ 32 ವರ್ಷ ದುಡಿದೆ. ಅದರಲ್ಲಿ ಕೊನೆಯ 11 ವರ್ಷ ಇನ್‌ಸ್ಪೆಕ್ಷನ್ ವಿಭಾಗ. ಹೇಳದೆ ಕೇಳದೆ ಶಾಖೆಗಳಿಗೆ ಹೋಗಿ, ಕಪಾಟು ತೆಗೆಸಿ, ಲೆಜರು ಕೊಡವಿ, ತಪ್ಪು ಹುಡುಕುವ ಕೆಲಸ. ಆ ಅನುಭವದ ಮೇಲೆ ಹೇಳುತ್ತೇನೆ: ಪುಣೆಯ ಕರ್ವೆನಗರದ ನಮ್ಮ ಅಡುಗೆಮನೆಯಲ್ಲಿ ಸೇವೆ ಸಲ್ಲಿಸುತ್ತಿರುವ ನುಸಿಗಳಂಥ ತಪಾಸಣಾಧಿಕಾರಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಟಿಎ ಕೇಳುವುದಿಲ್ಲ, ಲಾಡ್ಜ್ ಕೇಳುವುದಿಲ್ಲ. ಊಟವನ್ನು ಮಾತ್ರ ತಪಾಸಣೆ ನಡೆಯುವ ಜಾಗದಲ್ಲೇ ಮುಗಿಸುತ್ತಾರೆ. ಅದನ್ನು ನಾವೂ ಮಾಡುತ್ತಿದ್ದೆವು.

ಧಾರವಾಡದ ಕಡೆಯ ನಾವು ನುಸಿ ಅನ್ನುತ್ತೇವೆ. ಮೈಸೂರು ಕಡೆಯ ನಮ್ಮ ಬೀಗರು ಗುಗ್ಗುರು ಅನ್ನುತ್ತಾರೆ. ಪಕ್ಕದ ಮನೆಯ ಕಾಕೂ ಬಾಯಲ್ಲಿ ಅದು ಪೋರಕಿಡೇ. ಯಾವ ಹೆಸರಿನಿಂದ ಕರೆದರೂ ಸಾಹೇಬರು ಬೇಸರ ಮಾಡಿಕೊಂಡವರಲ್ಲ. ಕರೆಯದಿದ್ದರೂ ಬರುವವರಿಗೆ ಹೆಸರಿನ ಹಂಗೇನು?

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಪುಣೆಯಲ್ಲಿ ಉಪ್ಪು, ಹಪ್ಪಳ, ಗೋಡೆ, ಮನುಷ್ಯರ ಉತ್ಸಾಹ ಎಲ್ಲ ಮೆತ್ತಗಾಗುತ್ತವೆ. ಸಾಹೇಬರ ಹಂಗಾಮು ಶುರುವಾಗುವುದೇ ಆಗ. ಕಾಳಿನೊಳಗಿನ ನೀರಿನಂಶ ನೂರಕ್ಕೆ 10ರ ಕೆಳಗಿದ್ದರೆ ಅವರಿಗೆ ಗಂಟಲು ಒಣಗುತ್ತದೆ. 13-14ಕ್ಕೆ ಏರಿತೆಂದರೆ ಸಂಸಾರಸಮೇತ ವರ್ಗವಾಗಿ ಬರುತ್ತಾರೆ. ಹೋದ ಜುಲೈನಲ್ಲಿ ಒಂದು ಬೆಳಿಗ್ಗೆ ಪೇಪರು ಓದುತ್ತಾ ಕೂತಿದ್ದೆ. ಅಡುಗೆಮನೆಯಿಂದ ಇವಳ ದನಿ ಬಂತು.

“ಏನ್ರೀ, ಸ್ವಲ್ಪ ಇಲ್ಲಿ ಬರ್ರಿ. ಅಕ್ಕಿ ತಾನ ನಡೀಲಿಕ್ಕೆ ಹತ್ತೇದ.”

ಹೋಗಿ ನೋಡಿದರೆ ಮಾತು ನಿಜವಾಗಿತ್ತು. ಮಾವಳದ ಇಂದ್ರಾಯಣಿ ಅಕ್ಕಿ, ಬೇಯುವಾಗ ಮಹಡಿಯಿಡೀ ಘಮಗುಟ್ಟುವಂಥದು, ಮೊರದ ತುಂಬ ಹರಡಿತ್ತು. ಅದರ ನಡುವೆ ಕಂದು ಕೋಟು ಹಾಕಿದ, ಮೂರು ಮಿಲಿಮೀಟರಿನಷ್ಟು ಉದ್ದದ ಹಿರಿಯರು ಗಡಿಬಿಡಿಯಿಲ್ಲದೆ ಓಡಾಡುತ್ತಿದ್ದರು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಬೆನ್ನ ಮೇಲೆ ನಾಲ್ಕು ಮಸುಕು ಕೆಂಪು ಚುಕ್ಕೆ, ಮುಂದೆ ಆನೆಗಿರುವಂಥ ಸೊಂಡಿಲು. 1763ರಲ್ಲಿ ಸ್ವೀಡನ್ನಿನ ಲಿನೇಯಸ್ ಇವರಿಗೊಂದು ಲ್ಯಾಟಿನ್ ಹೆಸರು ಕೊಟ್ಟ. ಅದಕ್ಕೂ ಮೊದಲು ನಮ್ಮ ಅಜ್ಜಿಯಂದಿರು ಕೊಟ್ಟಿದ್ದ ಹೆಸರುಗಳು ಅಚ್ಚು ಹಾಕುವಂಥವಲ್ಲ.

ಒಬ್ಬರನ್ನು ಬೆರಳ ತುದಿಯಿಂದ ಮುಟ್ಟಿದೆ. ತಕ್ಷಣ ಆರೂ ಕಾಲು ಮಡಚಿ, ಸೊಂಡಿಲು ಎದೆಗೊತ್ತಿ, ಉರುಳಿ ಬಿದ್ದರು. ಸತ್ತೇಹೋದರು ಅಂದುಕೊಂಡೆ. ಕೈ ಹಿಂದೆ ತೆಗೆದು ಕಾದೆ. ಸುಮಾರು ಹೊತ್ತಾದ ಮೇಲೆ ಒಂದು ಕಾಲು ಹೊರಬಂತು. ಆಮೇಲೆ ಇನ್ನೊಂದು. ಎದ್ದು ಮೈ ಸರಿಮಾಡಿಕೊಂಡು, ಏನೂ ಆಗದವರಂತೆ ಮೊರದ ಅಂಚಿನ ಕಡೆ ನಡೆದರು. ಪ್ರಶ್ನೆ ಕೇಳಿದೊಡನೆ ಸತ್ತಂತೆ ಬೀಳುವ ಮ್ಯಾನೇಜರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಪಾಸಣೆಗೆ ಬಂದವರೇ ಆ ವಿದ್ಯೆ ಕಲಿತದ್ದನ್ನು ನೋಡಿದ್ದು ಅದೇ ಮೊದಲು. ಗೌರವ ಹೆಚ್ಚಾಯಿತು.

ಇವರ ಕೆಲಸದ ಕ್ರಮ ಎಂಥದು ನೋಡಿ. ತಾಯಿ ಸೊಂಡಿಲಿನಿಂದ ಕಾಳಿಗೆ ಸಣ್ಣ ತೂತು ಕೊರೆಯುತ್ತಾಳೆ, ಒಳಗೊಂದು ಮೊಟ್ಟೆ ಇಡುತ್ತಾಳೆ, ಮೇಲೆ ಅಂಟಿನಂಥ ಬಿರಡೆ ಜಡಿಯುತ್ತಾಳೆ. ಹೊರಗಿನಿಂದ ನೋಡಿದರೆ ಕಾಳು ಅಖಂಡ, ಒಳಗೆ ಮರಿ ಉಣ್ಣುತ್ತಿರುತ್ತದೆ. ಹೊರಗೆ ಎಲ್ಲ ತಾಳೆಯಾಗಿ ಒಳಗೆ ಟೊಳ್ಳಾಗಿದ್ದ ಖಾತೆಗಳನ್ನು ಹಿಡಿಯಲು ನಮಗೆ ವರ್ಷಗಳು ಹಿಡಿದವು. ಇವರು ಒಂದು ತಿಂಗಳಲ್ಲಿ ಒಳಗಿನ ಲೆಕ್ಕವೆಲ್ಲ ಮುಗಿಸಿ, ಸಿಪ್ಪೆಗೆ ಕಿಟಕಿ ಕೊರೆದುಕೊಂಡು ಹೊರಬಂದು ಮೀಸೆ ತಿರುವುತ್ತಾರೆ. ಟೊಳ್ಳಾದ ಅಕ್ಕಿ ತೊಳೆಯುವಾಗ ನೀರಿನ ಮೇಲೆ ತೇಲುತ್ತದೆ. ಇದಕ್ಕಿಂತ ಪಾರದರ್ಶಕವಾದ ವರದಿ ಯಾವ ಇಲಾಖೆಯಿಂದ ಬಂದೀತು?

ಅವರ ವರದಿಯ ಸಾರವನ್ನು ಈಗಲೇ ಹೇಳಿಬಿಡುತ್ತೇನೆ. ದಿನಾ ಕೈ ಹಾಕುವ ಡಬ್ಬಿಯಲ್ಲಿ ಸಾಹೇಬರು ಬಹಳ ದಿನ ನಿಲ್ಲುವುದಿಲ್ಲ. ತಂದು ಮರೆತದ್ದು, ಅಗ್ಗವೆಂದು ಹೆಚ್ಚು ತಂದದ್ದು, ಒಂದು ದಿನ ಮಾಡೋಣವೆಂದು ಇಟ್ಟು ಎಂದೂ ಮಾಡದ್ದು, ಇಂಥಲ್ಲಿ ಬಿಡಾರ ಹೂಡುತ್ತಾರೆ. ಬ್ಯಾಂಕಿನಲ್ಲಿ ಇದಕ್ಕೆ ವಸೂಲಾಗದ ಸಾಲ ಅನ್ನುತ್ತಿದ್ದೆವು. ನಮ್ಮ ಮನೆಯಲ್ಲಿ ಇದಕ್ಕೆ “ಇರ್ಲಿ ಬಿಡ್ರಿ, ಬೇಕಾಗ್ತದ” ಅನ್ನುತ್ತಾರೆ.

ಪುಣೆಯಲ್ಲಿ ಈ “ಇರ್ಲಿ” ಎಂಬುದು ಬರಿಯ ಅಭ್ಯಾಸವಲ್ಲ, ಸಂಸ್ಕೃತಿ. ಏಪ್ರಿಲ್-ಮೇ ಬಂತೆಂದರೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನ ಭುಸಾರ್ ಪೇಟೆಯಿಂದ ವರ್ಷದ ಗೋಧಿ ತರಬೇಕು. ಲೋಕವನ್ ಗೋಧಿಯೋ ಸಿಹೋರ್ ಗೋಧಿಯೋ ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಕಾಕೂ ಮನೆಯಲ್ಲಿ ಇರುವವರು ಇಬ್ಬರು, ತರುವ ಗೋಧಿ 60 ಕಿಲೋ. ಅಂಗಡಿ ರಸ್ತೆ ದಾಟಿದರೆ ಇದೆಯಲ್ಲ, ಇಷ್ಟೇಕೆ ಎಂದು ಒಮ್ಮೆ ಕೇಳಿದೆ. ಅಂಗಡಿ ಮಧ್ಯಾಹ್ನ 1ರಿಂದ 4ರವರೆಗೆ ಮುಚ್ಚಿರುತ್ತದಲ್ಲ ಎಂದರು. ಬರಗಾಲವೊಂದೇ ಅಲ್ಲ, ಪುಣೆಯ ಮಧ್ಯಾಹ್ನಕ್ಕೂ ಧಾನ್ಯ ಕೂಡಿಡಬೇಕೆಂಬುದು ನನಗೆ ಹೊಳೆದಿರಲಿಲ್ಲ. ಆ 60 ಕಿಲೋವನ್ನು ಗಚ್ಚಿಯ ಮೇಲೆ ಒಣಗಿಸಿ, ಆರಿಸಿ, ಬೇವಿನ ಸೊಪ್ಪು, ನಾಲ್ಕು ಬಿಬ್ಬೆಕಾಯಿ ಹಾಕಿ ಕೋಠಿಗೆ ತುಂಬುತ್ತಾರೆ. ಬೇವಿನ ಎಲೆ ಒಣಗಿ ಕಹಿ ಇಳಿಯುವ ಹೊತ್ತಿಗೆ ಸರಿಯಾಗಿ ಸಾಹೇಬರು ರುಜು ಹಾಕುತ್ತಾರೆ.

ನಾವೇನು ಕಡಿಮೆ? ಧಾರವಾಡದಿಂದ ತಮ್ಮ ಜೋಳ ಕಳಿಸುತ್ತಾನೆ. ಮೊದಲು ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಬರುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಶುರುವಾದ ಮೇಲೆ, ಬರುವ ಹೋಗುವ ನೆಂಟರ ಸೀಟಿನ ಮೇಲಿನ ಹಲಗೆಯಲ್ಲಿ ಬರುತ್ತದೆ. ನಮ್ಮೂರಿನ ನುಸಿಗಳು ಎಸಿ ಚೇರ್ ಕಾರಿನಲ್ಲಿ ಪ್ರಯಾಣ ಮಾಡುವ ಕಾಲ ಬಂತಲ್ಲ ಎಂದು ಹೆಮ್ಮೆಯಾಗುತ್ತದೆ. ನನ್ನಪ್ಪ ಮೀಟರ್‌ಗೇಜ್ ರೈಲಿನಲ್ಲಿ ನಿಂತುಕೊಂಡು ಓಡಾಡಿದವನು.

ಸಾಹೇಬರ ಮೊದಲ ವರದಿ ಬಂದ ಮೇಲೆ ಮನೆಯಲ್ಲಿ ಸುಧಾರಣೆಯ ಗಾಳಿ ಬೀಸಿತು. ಬೆಂಗಳೂರಿನಿಂದ ಮಗಳು ಬಂದಳು. ಮೊಬೈಲಿನಲ್ಲಿ ಯಾರದೋ ಅಡುಗೆಮನೆ ತೋರಿಸಿದಳು. ಎಲ್ಲ ಡಬ್ಬಿಗಳೂ ಒಂದೇ ಎತ್ತರ, ಒಂದೇ ಬಣ್ಣದ ಮುಚ್ಚಳ, ಯಾವುದರಲ್ಲೂ ಅಡುಗೆ ಮಾಡಿದ ಕುರುಹಿಲ್ಲ. ಮರುದಿನ ತಾಯಿ-ಮಗಳು ರವಿವಾರ ಪೇಟೆಯ ಬೋಹರಿ ಆಳಿಗೆ ಹೋಗಿ 42 ಗಾಜಿನ ಡಬ್ಬಿ ತಂದರು. ರಬ್ಬರ್ ಬಳೆ, ತಂತಿ ಕೊಂಡಿ, ಗಾಳಿ ಆಡದ ಮುಚ್ಚಳ. ಮೂವತ್ತು ವರ್ಷ ದುಡಿದ ಹಾರ್ಲಿಕ್ಸ್ ಬಾಟಲಿಗಳು, ಡಾಲ್ಡಾ ಡಬ್ಬಿಗಳು ಒಂದೇ ದಿನದಲ್ಲಿ ಸ್ವಯಂನಿವೃತ್ತಿ ಪಡೆದವು.

ಲೇಬಲ್ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಬಂತು. ಮಗಳು ಇಂಗ್ಲಿಷ್ ಅಂದಳು. ಇವಳು ಕನ್ನಡವೇ ಅಂದಳು. ಕೆಲಸಕ್ಕೆ ಬರುವ ಮಾವಶಿಗೆ ಮರಾಠಿ ಬಿಟ್ಟು ಬೇರೆ ಓದಲು ಬಾರದು. 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟರೂ ಬಗೆಹರಿಯದ ಗಡಿ ತಂಟೆ ನಮ್ಮ ಕಟ್ಟೆಯ ಮೇಲೆ ಮೂರು ದಿನ ನಡೆದು, ಕೊನೆಗೆ ಮೂರೂ ಭಾಷೆ ಎಂದು ತೀರ್ಮಾನವಾಯಿತು. ಹವೀಜ ಎಂದು ಬರೆದು ಕೆಳಗೆ ಧಣೆ ಎಂದು ಬರೆದು ಅದರ ಕೆಳಗೆ ಇಂಗ್ಲಿಷ್ ಬರೆಯುವಷ್ಟರಲ್ಲಿ ಡಬ್ಬಿಯೊಳಗೆ ಏನಿದೆ ಎಂಬುದೇ ಕಾಣದಂತಾಯಿತು. ಗಾಜಿನ ಡಬ್ಬಿ ತಂದದ್ದು ಒಳಗಿನದು ಕಾಣಲಿ ಎಂದು. ಕಾಕೂ ಬಂದು ನೋಡಿ, ಇಷ್ಟೆಲ್ಲ ಯಾಕೆ, “ಮುಚ್ಚಳ ಹಾಕಲು ಬಾರದವರು ತೆಗೆಯುವ ಸಾಹಸ ಮಾಡಬಾರದು” ಎಂದೊಂದು ಬೋರ್ಡು ಬರೆದು ತೂಗಿಬಿಡಿ ಎಂದರು. ಪುಣೆಯವರು ಯಾವ ಸಮಸ್ಯೆಯನ್ನೂ ಬೋರ್ಡಿನ ಮಟ್ಟಕ್ಕೆ ತಂದಲ್ಲದೆ ಬಿಡುವುದಿಲ್ಲ.

ನನ್ನ ವೃತ್ತಿಯ ಕಣ್ಣಿಗೆ ಬಿದ್ದದ್ದು ಬೇರೆ. ಲೇಬಲ್ಲಿನ ಮೂಲೆಯಲ್ಲಿ ತಾರೀಖು ಬರೆಯುತ್ತಿದ್ದರು. ಯಾವ ತಾರೀಖು? ಕೊಂಡದ್ದಲ್ಲ, ತುಂಬಿದ್ದು. ಎರಡು ದೀಪಾವಳಿ ಕಂಡ ಉದ್ದಿನಬೇಳೆ ಹಳೇ ಡಬ್ಬಿಯಿಂದ ಹೊಸ ಡಬ್ಬಿಗೆ ಬಿದ್ದ ಕ್ಷಣದಲ್ಲಿ ಮತ್ತೆ ಹುಟ್ಟಿತು. ತೀರದ ಹಳೇ ಸಾಲವನ್ನು ಹೊಸ ಸಾಲ ಕೊಟ್ಟು ತೀರಿಸಿ, ಖಾತೆಯನ್ನು ಹಸಿರಾಗಿಡುವ ಪದ್ಧತಿ ಬ್ಯಾಂಕಿನಲ್ಲಿತ್ತು. ಎವರ್‌ಗ್ರೀನಿಂಗ್ ಅನ್ನುತ್ತಾರೆ. ಅದಕ್ಕೆ ನೌಕರಿ ಕಳೆದುಕೊಂಡವರಿದ್ದಾರೆ. ಇಲ್ಲಿ ಅದಕ್ಕೆ “ಎಷ್ಟು ಛಂದ ಇಟ್ಟೀರಿ ಮನಿ!” ಎಂಬ ಹೊಗಳಿಕೆ ಸಿಗುತ್ತದೆ. ತಳದಲ್ಲಿ ಎರಡು ಹಿಡಿ ಹಳೇ ಬೇಳೆ ಇರುವಾಗಲೇ ಮೇಲೆ ಹೊಸ ಕಿಲೋ ಸುರಿಯುವುದೂ ಇತ್ತು. ಹಾಗಾಗಿ ತಳದಲ್ಲಿದ್ದ ಅನುಭವಿ ಅಧಿಕಾರಿಗಳಿಗೆ ಹೊಸ ಸರಕು ಹುಡುಕಿಕೊಂಡು ಹೋಗುವ ಶ್ರಮ ತಪ್ಪಿತು. ಗಾಳಿ ಆಡದ ಡಬ್ಬಿಯಲ್ಲೂ ಅವರು ಸುಖವಾಗಿದ್ದರು. ಹೊರಗಿನವರು ಒಳಗೆ ಬಾರದ ಹಾಗೆ ರಬ್ಬರ್ ಬಳೆ ನೋಡಿಕೊಂಡಿತು. ಮೊಟ್ಟೆಯ ರೂಪದಲ್ಲಿ ಅಂಗಡಿಯಿಂದಲೇ ಒಳಗೆ ಬಂದವರಿಗೆ ಅದು ಕಾವಲು ಕಾಯಿತು. ಕೈ ಹಾಕಿದಾಗಲೆಲ್ಲ ಮುಚ್ಚಳ ತೆಗೆದು ಹೊಸ ಗಾಳಿಯನ್ನೂ ನಾವೇ ಕೊಡುತ್ತಿದ್ದೆವು.

ಹೆಸರುಕಾಳಿನ ಡಬ್ಬಿಯಲ್ಲಿ ಇನ್ನೊಂದು ಶ್ರೇಣಿಯ ಅಧಿಕಾರಿಗಳಿದ್ದರು. ಕಾಳಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಅಂಟಿದ್ದರೆ ಅದು ಅವರ ಮೊಟ್ಟೆ. ಮರಿ ನೇರ ಕಾಳಿನೊಳಕ್ಕೆ ಇಳಿದು, ದೊಡ್ಡದಾಗಿ, ಕೈವಾರ ಹಿಡಿದು ಕತ್ತರಿಸಿದಂಥ ದುಂಡು ಬಾಗಿಲು ತೆಗೆದು ಹೊರಬರುತ್ತದೆ. ಹೊರಬಂದ ಮೇಲೆ ಕಾಳು ಮುಟ್ಟುವುದಿಲ್ಲ. ಉಳಿದ ಹತ್ತು-ಹನ್ನೆರಡು ದಿನದ ಬಾಳು ಪೂರ್ತಿ ನಿರಾಹಾರ. ಸಾಬೂದಾಣಿ ಖಿಚಡಿ, ವರಿ ಅನ್ನ, ಬಟಾಟಿ ಪಲ್ಯ, ಶೇಂಗಾ ಉಂಡಿ ಎಲ್ಲ ತಿಂದು ಏಕಾದಶಿ ಮಾಡುವ ನಮ್ಮ ಮನೆಯಲ್ಲಿ ನಿಜವಾದ ಉಪವಾಸ ಮಾಡುವವರು ಅವರೊಬ್ಬರೇ. “ಏಕಾದಶಿ, ದುಪ್ಪಟ್ ಖಾಶಿ” ಎಂಬ ಮರಾಠಿ ಗಾದೆ ಅವರಿಗೆ ಅನ್ವಯಿಸುವುದಿಲ್ಲ.

ಮಸಾಲೆಯ ಕಪಾಟಿಗೆ ಬರೋಣ. ಪುಣೆಯ ಕನ್ನಡದ ಮನೆಯ ಮಸಾಲೆ ಕಪಾಟು ಎಂದರೆ ಎರಡು ರಾಜ್ಯಗಳ ಜಂಟಿ ಅಧಿವೇಶನ. ಒಂದು ಕಡೆ ಸಾರಿನ ಪುಡಿ, ಹುಳಿ ಪುಡಿ, ಗುರೆಳ್ಳು ಚಟ್ನಿ, ಬ್ಯಾಡಗಿ ಮೆಣಸಿನಕಾಯಿ. ಇನ್ನೊಂದು ಕಡೆ ಕಾಕೂ ಕೊಟ್ಟ ಗೋಡಾ ಮಸಾಲೆ, ಮೇತಕೂಟ, ದಗಡಫೂಲ, ನಾಗಕೇಸರ. ಬೇಸಿಗೆಯಲ್ಲಿ ಕಾಂಡಪ್ ಯಂತ್ರದ ಮುಂದೆ ಸೀನುತ್ತಾ ಸಾಲು ನಿಂತು ಕುಟ್ಟಿಸಿಕೊಂಡು ಬಂದ ಖಾರಪುಡಿ ಐದು ಕಿಲೋ. ಇಬ್ಬರು ಅಸಿಡಿಟಿ ರೋಗಿಗಳಿಗೆ ಐದು ಕಿಲೋ ಖಾರ! ಇದನ್ನು ತಪಾಸಿಸಲು ಬಂದವರು ಎರಡು-ಮೂರು ಮಿಲಿಮೀಟರಿನ, ದುಂಡು ಬೆನ್ನಿನ, ತಲೆ ತಗ್ಗಿಸಿಕೊಂಡೇ ಇರುವ ಸಜ್ಜನರು. ಇವರಿಗೆ ಎರಕದ ಕಬ್ಬಿಣ ಒಂದು ಬಿಟ್ಟು ಉಳಿದದ್ದೆಲ್ಲ ಆಹಾರ ಎಂಬ ಖ್ಯಾತಿಯಿದೆ. ಔಷಧಿ ಅಂಗಡಿಯ ಸರಕನ್ನೂ ಬಿಟ್ಟವರಲ್ಲ, ಪುಸ್ತಕವನ್ನೂ ಬಿಟ್ಟವರಲ್ಲ. ಬರೀ ಮಸಾಲೆ ತಿಂದರೆ ಜೀವಸತ್ವ ಎಲ್ಲಿಂದ ಎಂದು ಕೇಳಬೇಡಿ. ಹೊಟ್ಟೆಯೊಳಗೆ ಹುದುಗು ಜಾತಿಯ ಸೂಕ್ಷ್ಮಜೀವಿ ಸಾಕಿಕೊಂಡಿದ್ದಾರೆ, ಬಿ ವಿಟಮಿನ್ ಅಲ್ಲಿಂದ ಬರುತ್ತದೆ. ನನಗೆ ಅದಕ್ಕೆ ತಿಂಗಳಿಗೊಂದು ಮಾತ್ರೆಯ ಪಟ್ಟಿ ಬೇಕು. ಈಜಿಪ್ಟಿನ ತುತಾಂಖಾಮನ್ ದೊರೆಯ ಸಮಾಧಿಯನ್ನು 1922ರಲ್ಲಿ ಪತ್ತೆಮಾಡಿ ತೆಗೆದಾಗ, ಪರಲೋಕದ ಪ್ರಯಾಣಕ್ಕೆಂದು ಇಟ್ಟ ಸಾಮಾನಿನ ಜೊತೆ ಈ ಮನೆತನದವರ ಅವಶೇಷವೂ ಸಿಕ್ಕಿದೆ. ಮೂರು ಸಾವಿರ ವರ್ಷ ಯಾರೂ ಮುಟ್ಟದೆ ಇಟ್ಟ ದಾಸ್ತಾನನ್ನೂ ತಪಾಸಣೆ ಮಾಡದೆ ಬಿಟ್ಟಿಲ್ಲ.

ಅವರಲ್ಲಿ ನಾನು ಮೆಚ್ಚಿದ್ದು ಭಾಷಾಸಮಭಾವ. ಗೋಡಾ ಮಸಾಲೆಯನ್ನೂ ಸಾರಿನ ಪುಡಿಯನ್ನೂ ಒಂದೇ ಶ್ರದ್ಧೆಯಿಂದ ಪರಿಶೀಲಿಸಿದರು. ಸಾರಿನ ಪುಡಿಯಲ್ಲಿ ಎಳೆ ಕಟ್ಟಿ, ಮುದ್ದೆ ಮುದ್ದೆ ಮಾಡಿ, ಲೇಬಲ್ಲಿನ ಮೂರೂ ಲಿಪಿಗಳ ಹಿಂದೆ ಸಮನಾಗಿ ಓಡಾಡಿದರು. ಈ ಊರಿನಲ್ಲಿ ಮೂವತ್ತು ವರ್ಷದಿಂದ ಎರಡೂ ಭಾಷೆಯವರಿಗೆ ಬೇಕಾದವನಾಗಿರಲು ನಾನು ಪಟ್ಟ ಪಾಡು ಅವರಿಗೆ ಸಹಜವಾಗಿ ಬಂದಿದೆ.

ಗೋಡಂಬಿಯ ಡಬ್ಬಿಯಿಂದ ಹೊರಟ ಚಿಟ್ಟೆಯ ಮರಿಗಳ ವಿಷಯ ಹೇಳದಿದ್ದರೆ ಅನ್ಯಾಯ. ಇಂಗ್ಲಿಷಿನಲ್ಲಿ ಆ ಚಿಟ್ಟೆಗೆ ‘ಇಂಡಿಯನ್ ಮೀಲ್ ಮಾತ್’ ಅನ್ನುತ್ತಾರೆ. ಅದರಲ್ಲಿರುವ ಇಂಡಿಯನ್ ನಾವಲ್ಲ. ಅಮೆರಿಕದವರು ಮೆಕ್ಕೆಜೋಳದ ಹಿಟ್ಟಿಗೆ ಹಿಂದೆ ಹಾಗೆ ಹೇಳುತ್ತಿದ್ದರು. ನಮ್ಮ ಹೆಸರು ಸುಮ್ಮನೆ ಕೆಟ್ಟಿದೆ. ಈ ಮರಿಗಳು ಹೊಟ್ಟೆ ತುಂಬಿದ ಮೇಲೆ ಉಂಡ ಮನೆಯಲ್ಲಿ ಉಳಿಯುವುದಿಲ್ಲ. ಗೂಡು ಕಟ್ಟಲು ಗೋಡೆ ಹತ್ತಿ ಮಾಳಿಗೆಯ ಮೂಲೆ ಸೇರುತ್ತವೆ. ಆಷಾಢ ಏಕಾದಶಿಯ ಹಿಂದಿನ ದಿನ ಒಂದನ್ನು ನಾನು ಕುರ್ಚಿ ಹಾಕಿಕೊಂಡು ನೋಡಿದೆ. ಕೆನೆಬಣ್ಣದ್ದು, ಅರ್ಧ ಇಂಚಿನಷ್ಟು. ಟೈಲ್ಸಿನ ಮೇಲೆ ಸರಸರ ಏರಿ, ಕಾಲನಿರ್ಣಯ ಕ್ಯಾಲೆಂಡರಿನ ಕೆಳಗಿನ ಅಂಚಿಗೆ ಬಂದು ನಿಂತಿತು. ತಲೆಯೆತ್ತಿ ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಆಮೇಲೆ ಹಾಲಿನ ಲೆಕ್ಕ ಬರೆದ ಚೌಕಗಳನ್ನು ಒಂದೊಂದಾಗಿ ದಾಟಿ, ನಮ್ಮ ಗ್ಯಾಸ್ ಸಿಲಿಂಡರ್ ಬಂದ ತಾರೀಖಿನ ಮೇಲೆ ಸ್ವಲ್ಪ ವಿಶ್ರಮಿಸಿ, ಮೇಲಕ್ಕೆ ಹೋಯಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಇನ್ನೊಂದು. ಪಂಢರಪುರಕ್ಕೆ ಹೋಗುವ ಪಾಲಖಿ ಪುಣೆ ಬಿಟ್ಟು ಎಷ್ಟೋ ದಿನವಾಗಿತ್ತು. ನಮ್ಮ ಗೋಡೆಯ ದಿಂಡಿ ಇನ್ನೂ ದಾರಿಯಲ್ಲೇ ಇತ್ತು.

ಇಷ್ಟು ಯೋಗ್ಯರನ್ನು ನಮ್ಮ ಹಿರಿಯರು ಹೇಗೆ ನಡೆಸಿಕೊಂಡರು ಎಂದು ನೆನೆದರೆ ನಾಚಿಕೆಯಾಗುತ್ತದೆ. ನನ್ನ ಅಜ್ಜನ ಊರಿನಲ್ಲಿ ಹಗೇವು ಇತ್ತು. ನೆಲದೊಳಗೆ ತೋಡಿದ ಕಣಜ. ಮರಾಠಿಯವರು ಪೇವ ಅನ್ನುತ್ತಾರೆ. ತಳಕ್ಕೂ ಗೋಡೆಗೂ ಹುಲ್ಲು-ಹೊಟ್ಟು ಕೊಟ್ಟು, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿದರೆ ಒಳಗಿನ ಕಾಳೇ ಉಸಿರಾಡಿ ಗಾಳಿ ತೀರಿಸಿಬಿಡುತ್ತಿತ್ತು. ಸಾಹೇಬರು ಉಸಿರುಗಟ್ಟಿ ಹೋಗುತ್ತಿದ್ದರು. ತೆಗೆದ ಕೂಡಲೇ ಇಳಿದರೆ ಮನುಷ್ಯನ ಗತಿಯೂ ಅದೇ. ಹಾಗಾಗಿ ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಅಜ್ಜಿ ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದಳು, ಬೇಳೆಗೆ ಹರಳೆಣ್ಣೆ ಸವರುತ್ತಿದ್ದಳು, ಬಿತ್ತನೆಯ ಕಾಳಿಗೆ ಬೂದಿ ಬೆರೆಸುತ್ತಿದ್ದಳು. ಎಣ್ಣೆ ಸವರಿದ ಕಾಳಿನ ಮೇಲೆ ತಾಯಿನುಸಿ ಮೊಟ್ಟೆ ಅಂಟಿಸಲು ಹೋದರೆ ಜಾರುತ್ತದೆ, ಬೂದಿ ಮೈಗೆ ಉಜ್ಜಿ ಮೇಣ ಕಿತ್ತುಹೋಗಿ ಒಣಗಿ ಸಾಯುತ್ತದೆ. ಲೇಬಲ್ ಹಚ್ಚುವ ನಾಗರಿಕತೆ ಅಜ್ಜಿಗೆ ತಿಳಿದಿರಲಿಲ್ಲ. ಯಾವ ಮಡಕೆಯಲ್ಲಿ ಏನು, ಯಾವ ವರ್ಷದ್ದು ಎಂಬುದು ಕತ್ತಲಲ್ಲೂ ಗೊತ್ತಿತ್ತು. ಅಕ್ಷರ ಬಾರದವರ ಪಾಡು ಹೀಗೆಯೇ.

ಈಗಿನವರ ಕ್ರಮ ಸೌಮ್ಯ. ಮಗಳ ಸಲಹೆಯಂತೆ ರವೆ, ಮೈದಾ, ಕಡಲೆಹಿಟ್ಟು ಫ್ರೀಜರಿಗೆ ಹೋದವು. ಮೈನಸ್ 18ರಲ್ಲಿ ಒಂದು ವಾರವಿಟ್ಟರೆ ಮೊಟ್ಟೆಯೂ ಉಳಿಯುವುದಿಲ್ಲ ಎಂಬುದು ನಿಜ. ಆದರೆ ಆ ವಾರ ಫ್ರಿಜ್ಜಿನಲ್ಲಿ ತರಕಾರಿಗೆ ಜಾಗ ಸಿಗದೆ ಬದನೆಕಾಯಿ ಹೊರಗೆ ಕೊಳೆಯಿತು. ಅದರೊಳಗೆ ಇದ್ದ ಹುಳ ಬೇರೆ ಇಲಾಖೆಯದು. ಗೋಧಿಯಲ್ಲಿ ಪಾರದ ಗುಳಿಗೆ ಇಡುವುದು ಈ ಕಡೆ ರೂಢಿ. ನುಸಿ ತಿಂದ ಅನ್ನಕ್ಕಿಂತ ಪಾದರಸದ ಪಕ್ಕದ ಅನ್ನ ಶುದ್ಧ ಎಂಬ ನಂಬಿಕೆ. ಇನ್ನು ಗೋದಾಮಿನಲ್ಲಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮನೆಗೆ ತಂದು, ಅಕ್ಕಿ ಚೀಲದಲ್ಲಿಟ್ಟು, ಬಾಗಿಲು ಹಾಕಿಕೊಂಡು ಮಲಗಿ, ಬೆಳಿಗ್ಗೆ ಏಳದವರ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದೆ. ಅಕ್ಕಿ ಮಾತ್ರ ಸುರಕ್ಷಿತವಾಗಿ ಉಳಿದಿರುತ್ತದೆ. ವರ್ಷದ ಕರಾರಿನ ಪೆಸ್ಟ್ ಕಂಟ್ರೋಲ್ ಹುಡುಗನನ್ನೂ ಕೇಳಿದೆ. ಜಿರಲೆ, ಇರುವೆ, ಗೆದ್ದಲು ಮಾತ್ರ ಕರಾರಿನಲ್ಲಿವೆ, ಕಾಳಿನದು ಬರುವುದಿಲ್ಲ ಎಂದ. ನನಗೆ ನೆಮ್ಮದಿಯಾಯಿತು. ಪುಣೆಯಲ್ಲಿ ಜನರ ಮನೆಯೊಳಗೆ ನುಗ್ಗಿ ಸಾಮಾನು ಹೊರಗೆಳೆಸಿದ ಪ್ಲೇಗ್ ಕಮಿಷನರ್ ರ‍್ಯಾಂಡ್ ಸಾಹೇಬನ ಮೇಲೆ 1897ರ ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು ಎಲ್ಲರಿಗೂ ಗೊತ್ತು. ಇವಳ ಕಪಾಟಿಗೆ ಕೈ ಹಾಕುವ ಮೊದಲು ನಾನು ಇಂದಿಗೂ ಅನುಮತಿ ಕೇಳುತ್ತೇನೆ.

ಸಾಹೇಬರ ಬೆಲೆ ನಮಗೆ ತಿಳಿಯದಿದ್ದರೂ ಸರ್ಕಾರಗಳಿಗೆ ತಿಳಿದಿದೆ. ನಮ್ಮ ಅಕ್ಕಿ-ರವೆಯಲ್ಲಿ ಬಲೆ ಕಟ್ಟುವ ಅಕ್ಕಿ ಪತಂಗವನ್ನು ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ಧಾನ್ಯದ ನುಚ್ಚು ಹಾಕಿ ಸಾಕುತ್ತಾರೆ. ಅದರ ಮೊಟ್ಟೆಯಲ್ಲಿ ಟ್ರೈಕೊಗ್ರಾಮಾ ಎಂಬ ಪುಟಾಣಿ ಕಣಜ ಬೆಳೆಯುತ್ತದೆ. ಅದು ಕಬ್ಬಿನ ಕಾಂಡ ಕೊರೆಯುವ ಹುಳದ ಮೊಟ್ಟೆಗಳ ಮೇಲೆ ಬೀಳುತ್ತದೆ. ಒಟ್ಟಿನಲ್ಲಿ ಪತಂಗಕ್ಕೆ ಊಟ, ವಸತಿ, ಸರ್ಕಾರಿ ಕಟ್ಟಡ. ಇನ್ನು ಖಾಪ್ರಾ ಹುಳ. ನಮ್ಮ ದೇಶದ ಹೆಸರು ಹೊತ್ತು ಹೋದ ಇದು 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಾಗ, ಅದನ್ನು ಹೊರಹಾಕಲು ಅಮೆರಿಕಕ್ಕೆ ಹದಿಮೂರು ವರ್ಷ ಹಿಡಿಯಿತು. ಅದು ಇರುವ ದೇಶಗಳಿಂದ ಪ್ರಯಾಣಿಕರು ಅಕ್ಕಿ ಗಂಟು ತರುವಂತಿಲ್ಲ ಎಂದು 2011ರಲ್ಲಿ ನಿಯಮವೇ ಆಯಿತು. ನ್ಯೂ ಜೆರ್ಸಿಯ ಮಗನಿಗೆಂದು ಇವಳು ಕಟ್ಟಿದ್ದ ಇಂದ್ರಾಯಣಿ ಅಕ್ಕಿ ನಮ್ಮ ಮನೆಯಲ್ಲೇ ಉಳಿಯಿತು. ಉಳಿದದ್ದು ಎಲ್ಲಿಗೆ ಹೋಯಿತು, ಯಾರು ತಪಾಸಿಸಿದರು ಎಂಬುದನ್ನು ಮೊದಲೇ ಹೇಳಿದ್ದೇನೆ.

ಹೋದ ವಾರ ಮಧ್ಯಾಹ್ನ ಎರಡು ಗಂಟೆಗೆ ಕಾಕೂ ಬಾಗಿಲು ತಟ್ಟಿದರು. ಅಂಗಡಿ ಮುಚ್ಚಿದೆ, ಶಿರಾ ಮಾಡಬೇಕು, ಒಂದು ವಾಟಿ ರವೆ ಬೇಕಿತ್ತು. ಇವಳು ಸಂಕೋಚದಿಂದಲೇ, “ನಮ್ಮಲ್ಲಿ ಸ್ವಲ್ಪ…” ಎಂದು ಬೆರಳಿನಿಂದ ಸಣ್ಣದೊಂದು ನಡಿಗೆ ತೋರಿಸಿದಳು. ಕಾಕೂ ನಕ್ಕು, ಜರಡಿ ಹಿಡಿದರಾಯಿತು ಎಂದು ಒಯ್ದರು. ಮೂರನೇ ದಿನ ವಾಟಿ ಮರಳಿ ಬಂತು. ಖಾಲಿ ಪಾತ್ರೆ ಕೊಡಬಾರದೆಂದು ತುಂಬ ಥಾಲೀಪೀಠದ ಭಾಜಣಿ ಹಾಕಿದ್ದರು. ಕಾಕೂ ಹೋದ ಮೇಲೆ ಅದನ್ನು ಹಾಳೆಯ ಮೇಲೆ ಸುರಿದೆ. ಹಿಟ್ಟಿನ ಗುಡ್ಡದ ತುದಿ ಒಮ್ಮೆ ಅಲುಗಿತು, ಸ್ವಲ್ಪ ಕುಸಿಯಿತು, ಒಳಗಿನಿಂದ ಇಟ್ಟಿಗೆ ಬಣ್ಣದ ಒಬ್ಬ ಸಣ್ಣ ಅಧಿಕಾರಿ ಮೇಲೆ ಬಂದು ಸುತ್ತ ನೋಡಿದ. ನಮ್ಮವನಲ್ಲ, ಹಿಟ್ಟಿನ ವಿಭಾಗದವನು, ಮೂತಿಗೆ ಸೊಂಡಿಲಿಲ್ಲ. ಹೊರಗಿನ ಆಡಿಟರ್.

“ಚೆಲ್ಲಲೇನು?” ಎಂದೆ.

“ಚೆಲ್ಲತೀರಾ? ಕಾಕೂ ಕೈಯಾರೆ ಹುರದು ಬೀಸಿಸ್ಯಾರ. ಇರ್ಲಿ ಬಿಡ್ರಿ, ಬೇಕಾಗ್ತದ” ಎಂದು ಇವಳು ಮೇಲಿನಿಂದ ಖಾಲಿ ಇದ್ದ ನಲವತ್ತೆರಡನೆಯ ಡಬ್ಬಿ ಇಳಿಸಿ, ಭಾಜಣಿ ತುಂಬಿ, ಕೊಂಡಿ ಒತ್ತಿ, ಲೇಬಲ್ಲನ್ನೂ ಪೆನ್ನನ್ನೂ ನನ್ನ ಕೈಗೆ ಕೊಟ್ಟಳು. ಮೂರು ಭಾಷೆಯಲ್ಲಿ ಹೆಸರು ಬರೆದೆ. ಮೂಲೆಯಲ್ಲಿ ಅವತ್ತಿನ ತಾರೀಖು ಹಾಕಿದೆ.